ತೂಕ ಇಳಿಸಲು ಮೊದಲು ಎಣ್ಣೆ ಚಮಚ, ಆಮೇಲೆ ವಾಕಿಂಗ್ ಶೂ

70 ಕೆಜಿ ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 130 ಕ್ಯಾಲೊರಿ. ಒಂದು ಟೇಬಲ್ ಚಮಚ ಎಣ್ಣೆಯಲ್ಲೇ 120 ಇದೆ. ವಾಕಿಂಗ್ ಮುಗಿಸಿ ದರ್ಶಿನಿಯಲ್ಲಿ ಒಂದು ಉದ್ದಿನ ವಡೆ, ಕಾಫಿ ಆದರೆ ನಡೆದದ್ದೆಲ್ಲ ಅಲ್ಲಿಗೇ ಚುಕ್ತಾ. ಹಾಗಾಗಿ ಕೆಲಸ ಶುರುವಾಗಬೇಕಾದ್ದು ಅಡುಗೆಮನೆಯಲ್ಲಿ.

ಮೊದಲ ವಾರ ಏನನ್ನೂ ಬಿಡಬೇಡಿ, ಅಳೆಯಿರಿ. ಎಣ್ಣೆ ಕ್ಯಾನ್ ಒಡೆದ ದಿನಾಂಕವನ್ನು ಅದರ ಮೇಲೇ ಬರೆದಿಡಿ. ನಾಲ್ವರ ಮನೆಗೆ ತಿಂಗಳಿಗೆ 2 ಲೀಟರ್ ಸಾಕು. ಅಷ್ಟರಲ್ಲೇ ತಲಾ ದಿನಕ್ಕೆ ಮೂರು ಟೀ ಚಮಚಕ್ಕಿಂತ ಹೆಚ್ಚೇ ಸಿಗುತ್ತದೆ. ಅಕ್ಕಿ, ರಾಗಿಹಿಟ್ಟನ್ನು ಬೇಯಿಸುವ ಮೊದಲೇ ತೂಗಿ. ಬೆಂದ ಮೇಲೆ ನೀರಿನ ತೂಕವೂ ಸೇರಿ ಲೆಕ್ಕ ತಪ್ಪುತ್ತದೆ. ಮುದ್ದೆ ಉಂಡರೆ ತಾನಾಗಿ ಸಣ್ಣಗಾಗುತ್ತೇವೆ ಎಂದುಕೊಂಡವರು ಬಹಳ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ 355ರ ಆಸುಪಾಸು, ಅಷ್ಟೇ ವ್ಯತ್ಯಾಸ. ರಾಗಿಯ ನಾರಿನಿಂದ ಹೊಟ್ಟೆ ಬೇಗ ತುಂಬುತ್ತದೆ ನಿಜ, ಎರಡನೇ ಮುದ್ದೆಗೆ ಕೈಹಾಕಿದರೆ ಆ ಲಾಭವೂ ಹೋಯಿತು.

ಎರಡನೇ ವಾರದಿಂದ ದಿನಕ್ಕೆ 500 ಕ್ಯಾಲೊರಿ ಕಡಿತ. ಎರಡು ಟೇಬಲ್ ಚಮಚ ಎಣ್ಣೆ (240), ಮೂರು ಕಾಫಿಗೆ ಎರಡೆರಡು ಚಮಚ ಸಕ್ಕರೆ (120), 40 ಗ್ರಾಂ ಅಕ್ಕಿ (140) ಬಿಟ್ಟರೆ ಲೆಕ್ಕ ಸರಿಹೋಗುತ್ತದೆ. ಒಂದು ಕೆಜಿ ಕೊಬ್ಬು ಎಂದರೆ ಸುಮಾರು 7,700 ಕ್ಯಾಲೊರಿ. ವಾರಕ್ಕೆ ಅರ್ಧ ಕೆಜಿಯ ಹತ್ತಿರ ಇಳಿಯುತ್ತದೆ. ಆರಂಭದಲ್ಲಿ ದಿಢೀರನೆ ಎರಡು ಕೆಜಿ ಇಳಿದರೆ ಹಿಗ್ಗಬೇಡಿ, ಹೋದದ್ದು ಹೆಚ್ಚಾಗಿ ನೀರು. ಅನ್ನ ತೆಗೆದ ಜಾಗಕ್ಕೆ ಸೊಪ್ಪು, ಸೌತೆಕಾಯಿ ಬರಲಿ. ಬೇಳೆ, ಮೊಸರು, ಮೊಟ್ಟೆಗೆ ಮಾತ್ರ ಕತ್ತರಿ ಹಾಕಬೇಡಿ: ಪ್ರೋಟೀನ್ ಸಾಲದಿದ್ದರೆ ಕೊಬ್ಬಿನ ಜತೆ ಸ್ನಾಯುವೂ ಕರಗುತ್ತದೆ.

ವ್ಯಾಯಾಮ ಬೇಕಾಗುವುದು ಆ ಸ್ನಾಯು ಉಳಿಸಲು, ಇಳಿದ ತೂಕ ಮತ್ತೆ ಏರದಿರಲು. ವಾರಕ್ಕೆ ಐದು ದಿನ 30 ನಿಮಿಷ, ಮಾತಾಡಲು ಆಗಬೇಕು, ಹಾಡಲು ಆಗಬಾರದು ಎನ್ನುವಷ್ಟು ವೇಗದಲ್ಲಿ ನಡೆಯಿರಿ. ಎರಡು ದಿನ ಕುರ್ಚಿಯಿಂದ ಕೈ ಊರದೆ 12 ಸಲ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು 12 ದಂಡ, ಎರಡೂ ಮೂರು ಸುತ್ತು. ಮಂಡಿ ನೋವಿದ್ದರೆ ಎತ್ತರದ ಕುರ್ಚಿ ಹಾಕಿಕೊಳ್ಳಿ.

ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೆ ಮುಂಚೆ ತೂಕ ನೋಡಿ, ವಾರದ ಸರಾಸರಿ ಬರೆದಿಡಿ. ಹಬ್ಬದ ಮರುದಿನ ಏರಿದ ಒಂದು ಕೆಜಿ ಬಹುಪಾಲು ಉಪ್ಪು ಹಿಡಿದಿಟ್ಟ ನೀರು. ನಾಲ್ಕು ವಾರ ಮುಳ್ಳು ಕದಲದಿದ್ದರೆ ಸಂಜೆಯ ಖಾರಾ ಮಿಕ್ಸ್ಚರ್, ಕಾಯಿ ಚಟ್ನಿಯನ್ನೂ ಲೆಕ್ಕಕ್ಕೆ ಸೇರಿಸಿ.

ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಅನ್ನ ಕಡಿಮೆ ಮಾಡುವ ಮೊದಲೇ ವೈದ್ಯರನ್ನು ಕಾಣಬೇಕು. ಊಟ ತಗ್ಗಿ ಡೋಸ್ ಹಾಗೇ ಉಳಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.