ತವರಿಗೆ ಸೈಕಲ್ಲಿನಲ್ಲಿ

ತುಮಕೂರು, ತಿಪಟೂರು, ಭದ್ರಾವತಿ, ಶಿವಮೊಗ್ಗ, ಸಾಗರ, ಈ ಊರುಗಳಲ್ಲೆಲ್ಲ ಒಂದೊಂದು ಬಿ.ಎಚ್. ರೋಡ್ ಇದೆ. ಬಿ ಎಂದರೆ ಬೆಂಗಳೂರು, ಎಚ್ ಎಂದರೆ ಹೊನ್ನಾವರ, ಅವೆಲ್ಲವೂ ಒಂದೇ ರಸ್ತೆಯ ತುಂಡುಗಳು ಎಂಬುದು ನನಗೆ ಹೊಳೆದದ್ದು ಮದುವೆಯಾಗಿ ಬೆಂಗಳೂರಿಗೆ ಬಂದು ಎಷ್ಟೋ ವರ್ಷಗಳಾದ ಮೇಲೆ. ಇಪ್ಪತ್ತೆರಡು ವರ್ಷ ನಾನು ಈ ರಸ್ತೆಯಲ್ಲಿ ತವರಿಗೆ ಹೋಗಿಬಂದಿದ್ದೇನೆ. ಆದರೆ ರಾತ್ರಿ ಬಸ್ಸು ಹತ್ತಿ ಕಣ್ಣು ಮುಚ್ಚಿದರೆ ಬೆಳಗಿನ ಜಾವ ಸಿದ್ದಾಪುರದಲ್ಲಿ ಇಳಿಯುವುದೇ ರೂಢಿಯಾಗಿದ್ದುದರಿಂದ ರಸ್ತೆಯನ್ನು ನೋಡಿದ್ದೇ ಇಲ್ಲವೆನ್ನಬೇಕು. ಅದೇ ರಸ್ತೆಯುದ್ದಕ್ಕೂ ಮನೆ ಮಾಡಿಕೊಂಡಿರುವ ನೆಂಟರನ್ನು ಕಂಡದ್ದೂ ಅಷ್ಟಕ್ಕಷ್ಟೆ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಸಿಕ್ಕಾಗಲೆಲ್ಲ ಅವರು “ಒಮ್ಮೆಯಾದರೂ ಮನೆಗೆ ಬಾ” ಎನ್ನುವುದು, ನಾನು “ಬರ್ತೇನೆ” ಎನ್ನುವುದು, ಅಲ್ಲಿಗೆ ಮುಗಿಯುತ್ತಿತ್ತು. ನಲವತ್ತೇಳನೆಯ ವಯಸ್ಸಿನಲ್ಲಿ ಎರಡು ಬಾಕಿಗಳನ್ನೂ ಒಟ್ಟಿಗೆ ತೀರಿಸಲು ಸೈಕಲ್ಲಿನಲ್ಲಿ ತವರಿಗೆ ಹೊರಟೆ. ಸುಮಾರು 400 ಕಿ.ಮೀ. ದಾರಿ, ನಡುವೆ ಐದು ಮನೆಗಳು, ಒಂದು ದಿನದ ಬಿಡುವೂ ಸೇರಿ ಏಳು ದಿನಗಳು.

ಕಾಲ ಗೊತ್ತುಮಾಡುವುದೇ ಮೊದಲ ಕೆಲಸವಾಗಿತ್ತು. ಮುಂಗಾರಿನ ತಿಂಗಳುಗಳಲ್ಲಿ ಬಯಲುಸೀಮೆಯ ಮೇಲೆ ಪಡುವಣ ಗಾಳಿ ಬಿಡದೆ ಬೀಸುತ್ತದೆ. ತುಮಕೂರಿನಿಂದ ಪಶ್ಚಿಮಕ್ಕೆ ಹೋಗುವವರಿಗೆ ಅದು ಎದುರುಗಾಳಿ, ದಿಬ್ಬಕ್ಕಿಂತ ಕಷ್ಟದ್ದು. ದಿಬ್ಬಕ್ಕೆ ಇಳಿಜಾರಾದರೂ ಉಂಟು, ಎದುರುಗಾಳಿಗೆ ಅದೂ ಇಲ್ಲ. ಡಿಸೆಂಬರಿನಲ್ಲಿ ಗಾಳಿ ಮೂಡಲಿನಿಂದ ಬೀಸಿ ಬೆನ್ನನ್ನು ತಳ್ಳುತ್ತದೆ. ಡಿಸೆಂಬರಿನ ಮೂರನೆಯ ವಾರವನ್ನೇ ಆರಿಸಿಕೊಂಡದ್ದಕ್ಕೆ ಇನ್ನೊಂದು ಕಾರಣ ಧನುರ್ಮಾಸ. ಆ ತಿಂಗಳಲ್ಲಿ ಮದುವೆ, ಉಪನಯನಗಳಿರುವುದಿಲ್ಲವಾದ್ದರಿಂದ ನೆಂಟರು ಮನೆಯಲ್ಲಿಯೇ ಸಿಗುತ್ತಾರೆ.

ನನ್ನದು ಉಕ್ಕಿನ ಚೌಕಟ್ಟಿನ, 35 ಮಿ.ಮೀ. ಅಗಲದ ಟೈರಿನ ಸೈಕಲ್ಲು. ಪೆಡಲಿನ ಬಳಿ ಮೂರು, ಹಿಂದೆ ಎಂಟು ಹಲ್ಲುಚಕ್ರಗಳಿವೆ. ಹಗುರವಾದ ಸೈಕಲ್ಲು ಬೇಗ ಓಡುತ್ತದೆ ನಿಜ, ಆದರೆ ಕ್ಯಾರಿಯರ್ ಕೂರಿಸಲು ಜಾಗವಿಲ್ಲದ ಸೈಕಲ್ಲು ನೆಂಟರ ಮನೆಗೆ ಹೋಗುವವರಿಗೆ ಉಪಯೋಗಕ್ಕೆ ಬಾರದು. ಅದೇಕೆಂದು ಮುಂದೆ ತಿಳಿಯುತ್ತದೆ. ಕ್ಯಾರಿಯರಿನ ಎರಡೂ ಬದಿಗೆ ಚೀಲ ಇಳಿಬಿಟ್ಟು ತೂಗಿದಾಗ ಸಾಮಾನಿನ ಭಾರ 9 ಕಿಲೋ ಇತ್ತು. ಎರಡು ಜೊತೆ ಸವಾರಿಯ ಬಟ್ಟೆ, ನೆಂಟರ ಮನೆಯಲ್ಲಿ ಉಡಲು ಒಂದು ಹಗುರವಾದ ಸೀರೆ, ಎರಡು ಟ್ಯೂಬು, ಪಂಕ್ಚರ್ ಸಾಮಗ್ರಿ, ಪಂಪು, ಚಕ್ರದ ಅಳತೆಗೆ ಸರಿಯಾದ ನಾಲ್ಕು ಕಡ್ಡಿಗಳು. ಈ ಕಡ್ಡಿಗಳನ್ನು ಚೌಕಟ್ಟಿಗೆ ಟೇಪು ಸುತ್ತಿ ಅಂಟಿಸಿಕೊಂಡಿದ್ದೆ. ಆರು ತಿಂಗಳ ಕಾಲ ಭಾನುವಾರಗಳಂದು 60ರಿಂದ 80 ಕಿ.ಮೀ. ತುಳಿದು ಅಭ್ಯಾಸ ಮಾಡಿದ್ದರಿಂದ ಕಾಲುಗಳ ಬಗೆಗೆ ಚಿಂತೆಯಿರಲಿಲ್ಲ. ದಾರಿಯೂ ಸೌಮ್ಯವಾದುದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಶಿವಮೊಗ್ಗ 600ಕ್ಕಿಂತ ಕೆಳಗಿದೆ. ನಡುವೆ ಏರಿಳಿತಗಳಿದ್ದರೂ ಒಟ್ಟಿನಲ್ಲಿ ಇಳಿಯುವ ದಾರಿಯೇ.

ಶನಿವಾರ ಬೆಳಗಿನ ನಾಲ್ಕೂವರೆಗೆ ದೀಪ ಹಚ್ಚಿಕೊಂಡು ಹೊರಟೆ. ತುಮಕೂರಿನವರೆಗಿನ 70 ಕಿ.ಮೀ. ಹೆದ್ದಾರಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಲಾರಿಗಳ ಪಕ್ಕದಲ್ಲಿ ತುಳಿಯುವಾಗ ಮನಸ್ಸು ಬೇರೆ ಯಾವುದಕ್ಕೂ ಬಿಡುವು ಕೊಡುವುದಿಲ್ಲ. ಸರ್ವೀಸ್ ರಸ್ತೆ ಸಿಕ್ಕಿದಲ್ಲೆಲ್ಲ ಅದನ್ನೇ ಹಿಡಿದೆ. ದಾಬಸ್‌ಪೇಟೆಯ ಹೊತ್ತಿಗೆ ಎಡಗಡೆ ಶಿವಗಂಗೆಯ ಬೆಟ್ಟಕ್ಕೆ ಬಿಸಿಲು ಬಿದ್ದಿತ್ತು, ಕ್ಯಾತ್ಸಂದ್ರದಲ್ಲಿ ಎರಡು ತಟ್ಟೆ ಇಡ್ಲಿ ತಿಂದೆ. ಒಂಟಿಯಾಗಿ ಹೊರಡುವ ಹೆಂಗಸರು ತಿಳಿದಿರಬೇಕಾದ ಮಾತೊಂದಿದೆ. ಶೌಚಾಲಯ ಎಲ್ಲಿ ಸಿಕ್ಕೀತೋ ಎಂದು ನೀರು ಕುಡಿಯುವುದನ್ನು ಕಡಿಮೆ ಮಾಡಬಾರದು. ನಾನು ಮೊದಲ ದಿನ ಹಾಗೆಯೇ ಮಾಡಿ ಮಧ್ಯಾಹ್ನಕ್ಕೆ ತಲೆನೋವು ತಂದುಕೊಂಡೆ. ಮರುದಿನದಿಂದ ದೊಡ್ಡ ಪೆಟ್ರೋಲ್ ಬಂಕ್ ಕಂಡಾಗಲೆಲ್ಲ, ಅಗತ್ಯವಿರಲಿ ಇಲ್ಲದಿರಲಿ, ನಿಲ್ಲಿಸುವುದನ್ನು ಕ್ರಮ ಮಾಡಿಕೊಂಡೆ.

ಗುಬ್ಬಿಯಲ್ಲಿ ನಮ್ಮ ಯಜಮಾನರ ಸೋದರತ್ತೆಯ ಮನೆ. ಹೊತ್ತಿಗೆ ಮುಂಚೆ ಹೊರಡುವುದು ಸವಾರರ ಮೊದಲ ನಿಯಮ; ಏನನ್ನೂ ತಿನ್ನಿಸದೆ ಕಳಿಸುವುದಿಲ್ಲವೆಂಬುದು ನೆಂಟರ ಮೊದಲ ನಿಯಮ. ಇವೆರಡೂ ಎಲ್ಲಿ ಘರ್ಷಣೆಗೆ ಬೀಳುವವೋ ಎಂಬ ಅಂಜಿಕೆ ಇತ್ತು. ಧನುರ್ಮಾಸ ನನ್ನನ್ನು ಕಾಪಾಡಿತು. ಆ ಮನೆಯಲ್ಲಿ ನಾಲ್ಕೂವರೆಗೇ ಎಲ್ಲರೂ ಎದ್ದು ಸ್ನಾನ ಮಾಡಿ, ಸೂರ್ಯೋದಯಕ್ಕೆ ಮುಂಚೆ ಪೂಜೆ ಮುಗಿಸಿ, ಬಿಸಿ ಹುಗ್ಗಿ ಬಡಿಸಿಯಾಗಿತ್ತು. ಅಕ್ಕಿ, ಹೆಸರುಬೇಳೆ, ಮೆಣಸು, ತುಪ್ಪ: ದಿನವಿಡೀ ತುಳಿಯುವ ಹೊಟ್ಟೆಗೆ ಇದಕ್ಕಿಂತ ಒಳ್ಳೆಯದನ್ನು ನಾನು ಬೇರೆಲ್ಲಿಯೂ ತಿಂದಿಲ್ಲ. ಆರೂಮುಕ್ಕಾಲಕ್ಕೆ ರಸ್ತೆಯಲ್ಲಿದ್ದೆ. ಬೀಳ್ಕೊಡುವಾಗ ಅತ್ತೆಯವರು ಕುಂಕುಮ ಕೊಟ್ಟು, ಮಡಿಲಿಗೆ ಎರಡು ತೆಂಗಿನಕಾಯಿ, ಒಂದು ಕುಪ್ಪಸದ ಕಣ, ಎಲೆ ಅಡಿಕೆ ಹಾಕಿದರು. “ಸೈಕಲ್ಲಿನಲ್ಲಿ ಭಾರವಾಗುತ್ತೆ ಅತ್ತೆ” ಎಂದೆ. “ತವರಿಗೆ ಹೋಗೋ ಹೆಣ್ಣುಮಗಳು ಬರೀ ಮಡಿಲಲ್ಲಿ ಹೋಗ್ತಾಳೇನಮ್ಮ?” ಎಂದರು. ಸುಲಿದ ಕಾಯಿ ಒಂದೊಂದೂ ಅರ್ಧ ಕಿಲೋಗೆ ಮೇಲಿತ್ತು.

ಅಂದು ಸುಮಾರು 80 ಕಿ.ಮೀ. ಇಡೀ ತೆಂಗಿನ ತೋಟಗಳ ನಡುವಿನ ದಾರಿ. ತಿಪಟೂರಿನ ಆಸುಪಾಸಿನಲ್ಲಿ ಮನೆಗಳ ಅಟ್ಟದ ಮೇಲೆ ಕಾಯಿಗಳು ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿಯಾಗುತ್ತವೆ. ಕೊಬ್ಬರಿಯ ವಾಸನೆ ಊರಿಗೆ ಮೊದಲೇ ಮೂಗಿಗೆ ತಾಗುತ್ತದೆ. ಬಸ್ಸಿನ ಕಿಟಕಿಯ ಗಾಜಿನೊಳಗೆ ಇದು ನನಗೆ ಒಮ್ಮೆಯೂ ತಿಳಿದಿರಲಿಲ್ಲ. ಪರಿಚಯದವರೊಬ್ಬರು ರಸ್ತೆಯಲ್ಲಿಯೇ ಕಾದಿದ್ದು ಒಂದು ಕಿಲೋ ಕೊಬ್ಬರಿಯನ್ನು ಚೀಲಕ್ಕೆ ತುರುಕಿದರು. ನಿರಾಕರಿಸುವ ಧೈರ್ಯ ನನಗೆ ಇನ್ನೂ ಬಂದಿರಲಿಲ್ಲ.

ಅರಸೀಕೆರೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದೆ. ಮರುದಿನ ಸೋಮವಾರ. ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ. ಏಳೂವರೆಗೆ ಮುಂಚೆ ಹೊರಟುಬಿಡುತ್ತೇನೆಂದರೆ ಒತ್ತುಶ್ಯಾವಿಗೆ ಇನ್ನೂ ಆಗಿಲ್ಲ. ಶ್ಯಾವಿಗೆ ತಿಂದು ಹೊರಡುತ್ತೇನೆಂದರೆ ರಾಹುಕಾಲ ಬಂದೇಬಿಡುತ್ತದೆ. ಚಿಕ್ಕಮ್ಮನೇ ದಾರಿ ಕಂಡುಹಿಡಿದರು. ಹಿಂದೆ ಪ್ರಯಾಣ ಹೊರಡುವವರು ಒಳ್ಳೆಯ ಗಳಿಗೆಯಲ್ಲಿ ಗಂಟನ್ನು ಮೊದಲೇ ಆಚೆ ಮನೆಯಲ್ಲಿ ಇಟ್ಟು ಬರುತ್ತಿದ್ದರು, ಅದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಅದರಂತೆ ಏಳೂಕಾಲಕ್ಕೆ ನನ್ನ ಸೈಕಲ್ಲನ್ನು ಚೀಲಗಳ ಸಮೇತ ಎದುರು ಮನೆಯ ಜಗಲಿಗೆ ಒರಗಿಸಿ ಬರಲಾಯಿತು. ಶಾಸ್ತ್ರದ ಪ್ರಕಾರ ನಾನು ಹೊರಟಾಗಿತ್ತು. ಆಮೇಲೆ ಒಳಗೆ ಬಂದು ನಿಶ್ಚಿಂತೆಯಿಂದ ಶ್ಯಾವಿಗೆ ತಿಂದೆ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ನೆಂಟರ ಮನೆಗಳ ನಡುವೆ ಸವಾರಿ ಮಾಡುವವರು ದೂರವನ್ನೂ ಏರನ್ನೂ ಲೆಕ್ಕ ಹಾಕುವಷ್ಟೇ ಕಾಳಜಿಯಿಂದ ಪಂಚಾಂಗವನ್ನೂ ನೋಡಿಕೊಂಡಿದ್ದರೆ ಜಗಳಗಳು ಕಡಿಮೆಯಾಗುತ್ತವೆ. ನಾನು ನೋಡಿಕೊಂಡಿರಲಿಲ್ಲ.

ಎಂಟೂವರೆಗೆ ನಿಜವಾಗಿ ಹೊರಟೆ. ತುಮಕೂರಿನಿಂದ ಹೊನ್ನಾವರದವರೆಗೆ ಹಿಂದೆ ರಾಷ್ಟ್ರೀಯ ಹೆದ್ದಾರಿ 206 ಎನಿಸಿಕೊಂಡಿದ್ದ ಈ ರಸ್ತೆ ಈಗ ಬಾಣಾವರದವರೆಗೆ 73, ಅಲ್ಲಿಂದಾಚೆಗೆ 69. ಸಂಖ್ಯೆ ಬದಲಾಗುವಲ್ಲಿಯೇ ನನ್ನ ಸೈಕಲ್ಲಿನ ಹಿಂದಿನ ಚಕ್ರದಿಂದ ಟಣ್ ಎಂದು ಸದ್ದಾಯಿತು. ಒಂದು ಕಡ್ಡಿ ಮುರಿದಿತ್ತು. ಹೊರಡುವ ಮೊದಲು ಬೆಂಗಳೂರಿನ ಅಂಗಡಿಯೊಂದರಲ್ಲಿ ಚಕ್ರದ ಕಡ್ಡಿಗಳನ್ನು ಬಿಗಿ ನೋಡಿ ಸರಿಮಾಡಲು ಕೊಟ್ಟಿದ್ದೆ, ಹಣವನ್ನೂ ಕೊಟ್ಟಿದ್ದೆ. ಉಳಿದ ಕಡ್ಡಿಗಳನ್ನು ಬೆರಳಿನಿಂದ ಮೀಟಿ ನೋಡಿದಾಗ ಒಂದೊಂದರ ಶ್ರುತಿಯೂ ಬೇರೆಯಾಗಿತ್ತು. ಬಿಗಿ ಸಮನಾಗಿರದಿದ್ದರೆ ಭಾರ ಸಮನಾಗಿ ಹಂಚಿಕೆಯಾಗದೆ ಕೆಲವು ಕಡ್ಡಿಗಳು ಬೇಗ ದಣಿದು ಮುರಿಯುತ್ತವೆ. ಅದಕ್ಕೆ ತೆಂಗಿನಕಾಯಿ, ಕೊಬ್ಬರಿಯ ತೂಕವೂ ಸೇರಿತ್ತು. ಅದೃಷ್ಟಕ್ಕೆ ಮುರಿದದ್ದು ಎಡಗಡೆಯದು. ಬಲಗಡೆಯದಾಗಿದ್ದರೆ ಹಿಂದಿನ ಹಲ್ಲುಚಕ್ರಗಳನ್ನೇ ಬಿಚ್ಚಬೇಕಾಗುತ್ತಿತ್ತು, ಅದಕ್ಕೆ ಬೇಕಾದ ಉಪಕರಣ ನನ್ನಲ್ಲಿರಲಿಲ್ಲ. ಹುಣಿಸೆಮರದ ನೆರಳಿನಲ್ಲಿ ಚೀಲ ಇಳಿಸಿ, ಟೈರು ಬಿಚ್ಚಿ, ಹೊಸ ಕಡ್ಡಿ ಪೋಣಿಸಿ, ಚಕ್ರ ಬ್ರೇಕಿಗೆ ಉಜ್ಜದಷ್ಟರಮಟ್ಟಿಗೆ ಬಿಗಿ ಮಾಡುವುದಕ್ಕೆ ಒಂದು ಗಂಟೆ ಹಿಡಿಯಿತು.

ಕಡೂರಿನಲ್ಲಿ ಮುದುಕರೊಬ್ಬರ ಚಿಕ್ಕ ಸೈಕಲ್ ಶಾಪ್ ಸಿಕ್ಕಿತು. ಅವರು ಗೇರಿನ ಸೈಕಲ್ಲನ್ನು ಹೆಚ್ಚು ಕಂಡವರಲ್ಲ, ಆದರೆ ಚಕ್ರ ಚಕ್ರವೇ. ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ರಿಮ್ಮಿನ ಬಳಿ ಸೀಮೆಸುಣ್ಣ ಹಿಡಿದು ತಿರುಗಿಸಿ, ಗುರುತು ಬಿದ್ದಲ್ಲೆಲ್ಲ ಕಾಲು ಸುತ್ತು, ಅರೆ ಸುತ್ತು ತಿರುವುತ್ತ ಮುಕ್ಕಾಲು ಗಂಟೆಯಲ್ಲಿ ಬೆಂಡ್ ತೆಗೆದರು. ಊರು ಮುಟ್ಟುವವರೆಗೆ ಮತ್ತೊಂದು ಕಡ್ಡಿ ಮುರಿಯಲಿಲ್ಲ. ಅವರು ಕೇಳಿದ್ದು ಐವತ್ತು ರೂಪಾಯಿ. ಚೀಲದ ಭಾರ ನೋಡಿ, “ಹಿಂದೇನೇ ಎಲ್ಲಾ ಹಾಕ್ಕೊಂಡ್ರೆ ಇನ್ನೇನಾಗ್ತದೆ ತಾಯಿ, ಒಂದಿಷ್ಟು ಮುಂದಕ್ಕೆ ಹಾಕಿ” ಎಂದರು. ಆ ಮಾತಿನಂತೆ ಕಾಯಿಗಳನ್ನು ಹ್ಯಾಂಡಲಿನ ಚೀಲಕ್ಕೆ ವರ್ಗಾಯಿಸಿದೆ. ಇಳಿಜಾರಿನಲ್ಲಿ ಸೈಕಲ್ಲಿನ ನಡುಕ ನಿಂತುಹೋಯಿತು.

ತರೀಕೆರೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅತ್ತಿಗೆಯ ತಾಯಿಯ ಮನೆಯವರು ಗಾಬರಿಯಾಗಿ ಬೈಕು ಕಳಿಸುವ ಏರ್ಪಾಡಿನಲ್ಲಿದ್ದರು. ಇಷ್ಟು ಗಂಟೆಗೆ ಬರುತ್ತೇನೆಂದು ಒಪ್ಪಿಕೊಂಡದ್ದು ನನ್ನ ತಪ್ಪು. ಹೋಟೆಲಿನಲ್ಲಿ ಉಳಿಯುವವರು ತಡವಾದರೆ ಯಾರಿಗೂ ಏನೂ ಆಗುವುದಿಲ್ಲ. ಇಲ್ಲಿ ಒಂದು ಮನೆಯವರೆಲ್ಲ ಮಧ್ಯಾಹ್ನದ ಊಟ ಬಿಟ್ಟು ಕಾಯುತ್ತಾರೆ. ಅಲ್ಲಿಂದ ಮುಂದೆ ಪ್ರತಿ ಮನೆಗೂ ನಾನು ತಲುಪಬಹುದಾದ ಹೊತ್ತಿಗೆ ಮೂರು ಗಂಟೆ ಸೇರಿಸಿ ಹೇಳಿದೆ, ದಾರಿಯಲ್ಲಿ ಎರಡು ಸಲ ಫೋನ್ ಮಾಡಿದೆ.

ತರೀಕೆರೆಯಿಂದ ಶಿವಮೊಗ್ಗಕ್ಕೆ 40 ಕಿ.ಮೀ.; ಭದ್ರಾವತಿಯಲ್ಲಿ ಭದ್ರೆ, ಶಿವಮೊಗ್ಗದಲ್ಲಿ ತುಂಗೆ. ಶಿವಮೊಗ್ಗದ ಮಾವನ ಮನೆಯಲ್ಲಿ ಬುಧವಾರ ಪೂರ್ತಿ ವಿಶ್ರಾಂತಿ. ಅಲ್ಲಿ ತೂಗಿದಾಗ ಸಾಮಾನು 13 ಕಿಲೋ ಆಗಿತ್ತು: ಎರಡು ಸೀರೆ, ಮೂರು ಕಣ, ಕೊಬ್ಬರಿ, ಕಾಯಿ, ತರೀಕೆರೆಯವರು ಕೊಟ್ಟ ಹಪ್ಪಳದ ಕಟ್ಟು. ಹಪ್ಪಳ ಆಗಲೇ ಅರ್ಧ ಪುಡಿಯಾಗಿತ್ತು. ಬಟ್ಟೆ, ಕೊಬ್ಬರಿಗಳನ್ನು ಬಸ್ಸಿನ ಪಾರ್ಸೆಲ್ಲಿನಲ್ಲಿ ಸಿದ್ದಾಪುರಕ್ಕೆ ಕಳಿಸಿದೆ. ಕಾಯಿಗಳನ್ನು ಮಾತ್ರ ಕಳಿಸಲಿಲ್ಲ. ಮಡಿಲಿಗೆ ಹಾಕಿದ್ದನ್ನು ಪಾರ್ಸೆಲ್ ಮಾಡಲು ಮನಸ್ಸು ಬರಲಿಲ್ಲ.

ಗುರುವಾರದ ಸಾಗರದ ದಾರಿ ಈ ಪಯಣದಲ್ಲಿಯೇ ಚೆಲುವಾದುದು. ತ್ಯಾವರೆಕೊಪ್ಪ ದಾಟಿದ ಮೇಲೆ ಕಾಡು ರಸ್ತೆಗೆ ಹತ್ತಿರವಾಗುತ್ತದೆ. ಆಯನೂರು, ಕುಂಸಿ, ಚೋರಡಿ, ಆನಂದಪುರ ಎಂದು ಊರುಗಳು ಒಂದೊಂದಾಗಿ ಬರುತ್ತ, ತೆಂಗು ಹಿಂದಾಗಿ ಅಡಿಕೆ ಮುಂದಾಗುತ್ತದೆ. ಏರಿಳಿತ ಚಿಕ್ಕಚಿಕ್ಕವು, ಆದರೆ ನಿಲ್ಲುವುದೇ ಇಲ್ಲ, 72 ಕಿ.ಮೀ. ದಾರಿಗೆ ಆರು ಗಂಟೆ ಹಿಡಿಯಿತು. ಸಾಗರದಲ್ಲಿ ದೊಡ್ಡಪ್ಪನ ಮಗಳು, ನನ್ನ ಅಕ್ಕ, ಬಾಗಿಲಲ್ಲಿಯೇ ಕೇಳಿದಳು, “ಆಸ್ರಿಗೆ ಎಂತ ಬೇಕೇ?” ಬಂದವರಿಗೆ ಮೊದಲು ಕುಡಿಯಲು ಕೊಡುವುದಕ್ಕೆ ನಮ್ಮ ಕಡೆ ಆಸ್ರಿಗೆ ಎನ್ನುತ್ತಾರೆ. ಆ ಶಬ್ದ ಕಿವಿಗೆ ಬಿದ್ದೊಡನೆ ನಾನು ಮನೆಗೆ ಬಂದಂತಾಯಿತು. ಅವಳು ಕೊಟ್ಟದ್ದು ಉಪ್ಪುನೀರಿನಲ್ಲಿ ಹಾಕಿಟ್ಟ ಮಾವಿನಕಾಯಿಯ ಅಪ್ಪೆಹುಳಿ. ಬೆವರಿನಲ್ಲಿ ಹೋದ ಉಪ್ಪು, ನೀರು ಎರಡನ್ನೂ ಅದು ಒಟ್ಟಿಗೆ ತುಂಬುತ್ತದೆ. ಐದು ದಿನ ಪುಡಿಯ ಪೊಟ್ಟಣಗಳನ್ನು ನೀರಿಗೆ ಕದಡಿ ಕುಡಿದಿದ್ದ ನಾನು ಮೂರು ಲೋಟ ಕುಡಿದೆ. ಬೆಳಿಗ್ಗೆ ತೆಳ್ಳೇವು ಎನ್ನುವ ತೆಳುದೋಸೆಯ ಜೊತೆ ಬಡಿಸಿದ ಜೋನಿಬೆಲ್ಲವನ್ನು, ಎಂದರೆ ನೀರಾದ ಬೆಲ್ಲವನ್ನು, ಚಿಕ್ಕ ಬಾಟಲಿಯಲ್ಲಿ ತುಂಬಿಸಿಕೊಂಡೆ. ಏರಿನಲ್ಲಿ ಒಂದು ಗುಟುಕು ಬಾಯಿಗೆ ಹಾಕಿಕೊಂಡರೆ ಸವಾರರು ಶಕ್ತಿಗೆಂದು ತಿನ್ನುವ ಅಂಗಡಿಯ ದುಬಾರಿ ಜೆಲ್ ಬೇಕಾಗುವುದಿಲ್ಲ.

ಶುಕ್ರವಾರ ಮಗಳನ್ನು ಮನೆಯಿಂದ ಕಳಿಸಬಾರದೆಂದು ಭಾವ ತಕರಾರು ತೆಗೆದರು. ಇವಳು ಹೋಗುತ್ತಿರುವುದು ತವರಿಗೆ, ಆ ಮನೆಗೆ ಶುಕ್ರವಾರ ಲಕ್ಷ್ಮಿ ಬಂದಂತಾಗುತ್ತದೆ ಎಂದು ಅಕ್ಕ ತೀರ್ಪು ಕೊಟ್ಟಳು. ತಾಳಗುಪ್ಪದಲ್ಲಿ ಬಿ.ಎಚ್. ರಸ್ತೆ ಜೋಗದ ಕಡೆಗೆ ಹೋಗುತ್ತದೆ, ನಮ್ಮದು ಸಿದ್ದಾಪುರದ ದಾರಿ. ಆ ಕವಲಿನಲ್ಲಿ ಒಂದು ನಿಮಿಷ ನಿಂತಿದ್ದೆ.

ಊರಿಗೆ ಬಂದಾಗ ಅಂಗಳದ ತುಂಬ ಕೊಯ್ದ ಅಡಿಕೆಗೊನೆಗಳು ಬಿದ್ದಿದ್ದವು. ಅಪ್ಪಯ್ಯ ಸೈಕಲ್ಲನ್ನು ಸುತ್ತಲೂ ನೋಡಿ ಟೈರನ್ನು ಹೆಬ್ಬೆರಳಿನಿಂದ ಒತ್ತಿದರು, ನನ್ನನ್ನು ಏನೂ ಕೇಳಲಿಲ್ಲ. ನಾನು ಹ್ಯಾಂಡಲಿನ ಚೀಲದಿಂದ ಗುಬ್ಬಿಯ ಎರಡು ಕಾಯಿಗಳನ್ನು ತೆಗೆದು ಆಯಿಯ ಕೈಗೆ ಕೊಟ್ಟೆ. ಅವಳು ಹಿತ್ತಲಿನ ತೆಂಗಿನ ಮರಗಳ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿ, “ಕಾಯಿ ಎಂತಕ್ಕೆ ಹೊತ್ಗಂಡು ಬಂದ್ಯೇ ಕೂಸೇ?” ಎಂದಳು. ಆದರೂ ದೇವರ ಮುಂದಿಟ್ಟು ಬಂದಳು. ಅಂದು ರಾತ್ರಿ ಎಲ್ಲರೂ ಅಡಿಕೆ ಸುಲಿಯಲು ಮೆಟ್ಟುಗತ್ತಿ ಹಿಡಿದು ಕುಳಿತಾಗ ನನಗೂ ಒಂದು ಇಟ್ಟಿದ್ದರು. ಆರು ದಿನ ಸೈಕಲ್ಲಿನ ಸೀಟಿನ ಮೇಲೆ ಕುಳಿತಿದ್ದ ನಾನು, ಇನ್ನು ಎರಡು ದಿನ ನಿಂತುಕೊಂಡು ಮಾಡುವ ಕೆಲಸವಿದ್ದರೆ ಕೊಡಿ ಎಂದೆ.