ಆಶ್‌ವೆಲ್ ಚರ್ಚಿನ ಗೋಡೆಗೆ ಹದಿನೆಂಟು ಪೌಂಡಿನ ಟಾರ್ಚ್

ಪಡಿಯಚ್ಚು (ಒದ್ದೆ ಕಾಗದ ಒತ್ತಿ ತೆಗೆಯುವ ಅಕ್ಷರಗಳ ಅಚ್ಚು) ತೆಗೆಯದೆ ಗೋಡೆಬರಹ ಓದೋಕಾಗಲ್ಲ ಅಂತ ಊರಿನ ಶಾಸನದ ಗೆಳೆಯರು ನನ್ನನ್ನು ಸಾಕಷ್ಟು ಆಡಿಕೊಂಡಿದ್ದರು. ಇಲ್ಲಿ ಇಂಗ್ಲೆಂಡಿನಲ್ಲಿ ಗೋಡೆಯ ಉಬ್ಬುತಗ್ಗು ಅಳೆಯುವ ಸ್ಕ್ಯಾನರ್ ಇಟ್ಟುಕೊಂಡವರೊಬ್ಬರು, "ಟಾರ್ಚ್ ಹಾಕಿ ಎಲ್ಲರೂ ನೋಡಿದ್ದಾಗಿದೆ" ಅಂತ ನಕ್ಕಿದ್ದರು. ಈಗ ಆಶ್‌ವೆಲ್‌ನ ಚರ್ಚಿನ ಗೋಡೆಯಲ್ಲಿ 14ನೇ ಶತಮಾನದ ಪ್ಲೇಗ್ ಬಗ್ಗೆ ಗೀಚಿದ ಬರಹದ ಒಂದೊಂದು ಗೀರೂ ನನ್ನ ಕಂಪ್ಯೂಟರಿನಲ್ಲಿದೆ. ಹಾಗಾಗಿ ಬರೆಯುವ ಹಕ್ಕು ನನಗಿದೆ, ಅಲ್ವಾ?

ಆಶ್‌ವೆಲ್ ಹರ್ಟ್‌ಫರ್ಡ್‌ಶೈರ್‌ನ ಉತ್ತರದ ಅಂಚಿನ ಹಳ್ಳಿ. ಅಲ್ಲಿನ ಸೇಂಟ್ ಮೇರಿ ಚರ್ಚು ಬಹುಪಾಲು 14ನೇ ಶತಮಾನದ್ದು. ಹಳ್ಳಿಯ ಗಾತ್ರಕ್ಕೆ ಗೋಪುರ ವಿಪರೀತ ಎತ್ತರ, ಸೀಸ ಹೊದಿಸಿದ ಮೊನೆಯೂ ಸೇರಿ 176 ಅಡಿ. ಕಲ್ಲು ಮಾತ್ರ ಕ್ಲಂಚ್, ಅಂದರೆ ಸೀಮೆಸುಣ್ಣದ ಜಾತಿ. ಹೊರಗಡೆ ಮಳೆಗೆ ಕರಗುತ್ತದೆ. ಒಳಗಡೆ ಚೂಪಾದದ್ದು ಏನು ತಗುಲಿದರೂ ಗೀರು ಬೀಳುತ್ತದೆ, ಬಿದ್ದದ್ದು ಹಾಗೇ ಉಳಿಯುತ್ತದೆ. ನಮ್ಮ ಕಡೆಯ ಹಾಗೆ ಒದ್ದೆ ಕಾಗದ ಅಂಟಿಸಿ ಬ್ರಷ್‌ನಿಂದ ಬಡಿದರೆ ಅಕ್ಷರವೇ ಕಿತ್ತು ಬಂದೀತು. ಮೇಣದ ಬಳಪ ಉಜ್ಜುವುದೂ ಬೇಡ. ಗೋಡೆ ಮುಟ್ಟುವ ಹಾಗೇ ಇಲ್ಲ.

ದುಡ್ಡಿನ ಕಥೆ ಕೇಳಿ. ಕ್ಯಾಮೆರಾದ ಫ್ಲ್ಯಾಶ್ ಹಾಕಿದರೆ ಗೋಡೆ ಬೆಳ್ಳಗೆ ಹೊಳೆಯಿತು, ಅಕ್ಷರ ನಾಪತ್ತೆ. ಆಮೇಲೆ 130 ಪೌಂಡಿನ ಆಸುಪಾಸಿನಲ್ಲಿ ಒಂದು ಎಲ್‌ಇಡಿ ಪ್ಯಾನೆಲ್ ತಂದೆ. ಮೃದುವಾದ, ಅಗಲವಾದ ಬೆಳಕು. ಮದುವೆ ಫೋಟೋಗೆ ಬಹಳ ಚೆನ್ನ, ಗೀರಿಗೆ ನೆರಳೇ ಬೀಳಲಿಲ್ಲ. ಕೊನೆಗೆ ಸ್ಕ್ಯಾನರ್ ಬಾಡಿಗೆ ವಿಚಾರಿಸಿದೆ. ದಿನಕ್ಕೆ 500 ಪೌಂಡಿನ ಮೇಲೆ! ಇನ್ನೊಬ್ಬರ ಜೊತೆ ಹಂಚಿಕೊಂಡು ಅರ್ಧ ದಿನ ತೆಗೆದುಕೊಂಡೆ. ಗೋಡೆಯ ಉಬ್ಬುತಗ್ಗೆಲ್ಲ ಚಂದವಾಗಿ ಬಂತು. ಕೂದಲೆಳೆಯಂಥ ಗೀರುಗಳು ಪೂರಾ ಮಾಯ. ದುಡ್ಡೂ ಮಾಯ. ಒಟ್ಟು ನಮ್ಮ ರೂಪಾಯಿಯಲ್ಲಿ 40 ಸಾವಿರ ದಾಟಿರಬೇಕು.

ಕೈಹಿಡಿದದ್ದು ಸುಮಾರು 18 ಪೌಂಡಿನ ಟಾರ್ಚ್, ಕಿರಿದಾದ ಬೆಳಕಿನದು. ಅದರ ಮೂತಿಗೆ ಕಪ್ಪು ಕಾಗದದ ಕೊಳವೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಕಿಟಕಿ ಮುಚ್ಚುವ ಗೋಜಿಲ್ಲ. ಕ್ಯಾಮೆರಾ ಗೋಡೆಗೆ ನೇರ, ಸೆಟ್ಟಿಂಗ್ ಐಎಸ್‌ಒ 100, ಎಫ್ 8, ಶಟರ್ ಒಂದೆರಡು ಸೆಕೆಂಡು ತೆರೆದು. ಬೆಳಕು ಗೋಡೆಗೆ ಹತ್ತು ಡಿಗ್ರಿಯಷ್ಟು ಓರೆ, ತೆಳು ಗೀರಿಗೆ ಅದಕ್ಕಿಂತ ಕಡಿಮೆ.

ಎಲ್ಲರೂ ಟಾರ್ಚ್ ಹಾಕುತ್ತಾರೆ, ಆದರೆ ಒಂದೇ ಪಕ್ಕದಿಂದ. ಬೆಳಕು ಹರಿಯುವ ದಿಕ್ಕಿನಲ್ಲೇ ಇರುವ ಗೀರಿಗೆ ನೆರಳು ಬೀಳುವುದಿಲ್ಲ, ಅದು ಕಣ್ಣಿಗೆ ಬೀಳದೆ ಹೋಗುತ್ತದೆ. ನಾನು ಎಂಟು ದಿಕ್ಕಿನಿಂದಲೂ ತೆಗೆದೆ. ಅದರಲ್ಲಿ ಮೂರನ್ನು ಆರಿಸಿ, ಕಂಪ್ಯೂಟರಿನಲ್ಲಿ ಒಂದೇ ಚಿತ್ರದ ಕೆಂಪು, ಹಸಿರು, ನೀಲಿ ಚಾನೆಲ್‌ಗೆ (ಬಣ್ಣದ ಪದರಕ್ಕೆ) ಒಂದೊಂದು ಹಾಕಿದೆ. ಒಂದೊಂದು ದಿಕ್ಕಿನ ಗೀರು ಒಂದೊಂದು ಬಣ್ಣದಲ್ಲಿ ಎದ್ದು ಬಂತು. ಯಾವ ಮೂರು, ಯಾವ ಕ್ರಮ, ಅದನ್ನು ಹೇಳಲ್ಲ. ಎಂಟೂ ಕಡೆ ಟಾರ್ಚಿನ ದೂರ ಒಂದೇ ಇಡುವುದು ಹೇಗೆ? ಒಂದು ಹಳೇ ಛತ್ರಿ ಬೇಕು. ಅಷ್ಟು ಸಾಕು.

ನಡುವೆ ಆರ್‌ಟಿಐ ಕೂಡ ಮಾಡಿ ನೋಡಿದೆ. ಮಾಹಿತಿ ಹಕ್ಕಲ್ಲ, ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫರ್ಮೇಷನ್ ಇಮೇಜಿಂಗ್: ಬೇರೆ ಬೇರೆ ದಿಕ್ಕಿನ ಬೆಳಕಲ್ಲಿ ತೆಗೆದ ಫೋಟೋಗಳನ್ನು ಕೂಡಿಸುವ ವಿಧಾನ. ಬೆಳಕಿನ ದಿಕ್ಕು ತಿಳಿಯಲು ಪಕ್ಕದಲ್ಲಿ ಹೊಳೆಯುವ ಕಪ್ಪು ಗುಂಡು, ಐವತ್ತರ ಹತ್ತಿರ ಫೋಟೋ, ಪುಕ್ಕಟೆ ಸಾಫ್ಟ್‌ವೇರ್. ಪರದೆಯ ಮೇಲೆ ಬೇಕಾದ ಕಡೆಗೆ ಬೆಳಕು ತಿರುಗಿಸಬಹುದು. ಮಜಾ ಇದೆ, ಆದರೆ ಒಂದು ಗೇಣು ಗೋಡೆಗೆ ಒಂದು ಸಂಜೆ ಹೋಗುತ್ತದೆ.

ಇನ್ನೊಂದು ಪ್ರಯೋಗ ಅಡುಗೆಮನೆಯಲ್ಲಿ. ಸೀಮೆಸುಣ್ಣದ ಗಟ್ಟಿಗೆ ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಮೊಳೆಯಿಂದ ಗೀಚಿದೆ. ಸ್ಲೇಟಿನ ಮೇಲೆ ಬಳಪದಲ್ಲಿ ಬರೆದ ಹಾಗೆ ಬೆಳ್ಳಗೆ ಎದ್ದಿತು. ಆ ಕಾಲದ ಚರ್ಚುಗಳ ಒಳಗೋಡೆಗೆ ಬಣ್ಣ ಇರುತ್ತಿತ್ತು. 16ನೇ ಶತಮಾನದ ಧರ್ಮಸುಧಾರಣೆಯಲ್ಲಿ ಅದರ ಮೇಲೆ ಸುಣ್ಣ ಬಿತ್ತು. ಅಂದರೆ ಇವತ್ತು ನಾವು ಹುಡುಕಿ ಒದ್ದಾಡುವ ಎಷ್ಟೋ ಗೀಚು ಆಗ ದೂರದಿಂದಲೇ ಕಾಣುತ್ತಿದ್ದಿರಬೇಕು. ಯಾರೋ ಕದ್ದುಮುಚ್ಚಿ ಬರೆದದ್ದು ಅಂತ ನನಗೆ ಅನ್ನಿಸುವುದಿಲ್ಲ.

ಪ್ಲೇಗ್ ಬರಹ ಗೋಪುರದಡಿ, ಉತ್ತರದ ಗೋಡೆಯಲ್ಲಿದೆ, ಲ್ಯಾಟಿನ್‌ನಲ್ಲಿ. ಓದಿದವರು ಮೊದಲೇ ಇದ್ದಾರೆ. ಯಾವುದು ಅಕ್ಷರ, ಯಾವುದು ಆಮೇಲೆ ಬಿದ್ದ ಗೀರು ಅನ್ನುವುದು ನನ್ನ ಫೋಟೋದಲ್ಲಿ ಬಿಡಿಬಿಡಿಯಾಗಿ ಕಾಣುತ್ತದೆ, ನನ್ನ ಹೆಚ್ಚುಗಾರಿಕೆ ಅಷ್ಟೇ. ಇಸವಿಯನ್ನು ಬಿಡಿಸಿಕೊಳ್ಳಬೇಕು: ಒಂದು ಎಂ, ಮೂರು ಸಿ, ಐದು ಎಕ್ಸ್. 1350. ನಮ್ಮ ಶಾಸನಗಳ ಭೂತಸಂಖ್ಯೆ (ಅಂಕಿಯ ಬದಲು ಪದಗಳಲ್ಲಿ ಹೇಳಿದ ಇಸವಿ) ಬಿಡಿಸಿದವರಿಗೆ ಇದು ಸಲೀಸು. ಇಂಗ್ಲೆಂಡಿಗೆ ಪ್ಲೇಗ್ ಬಂದದ್ದು 1348ರಲ್ಲಿ. ಸಾಕ್ಷಿಗೆ ಉಳಿದವರು ಕೀಳು ಜನ ಮಾತ್ರ ಅಂತ ಗೀಚಿದವನು ಬರೆದಿದ್ದಾನೆ. ಜೊತೆಗೆ 1361ರ ಸಂತ ಮೌರನ ಹಬ್ಬದ ಬಿರುಗಾಳಿಯೂ ಇದೆ. ಹಬ್ಬ ಜನವರಿ 15. ಆಗ ಅಲ್ಲಿ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ, ಹಾಗಾಗಿ ನಮ್ಮ ಲೆಕ್ಕಕ್ಕೆ ಅದು 1362. ನಾರಿಚ್ ಕ್ಯಾಥೆಡ್ರಲ್‌ನ ಮೊನೆ ಉರುಳಿದ್ದೂ ಅದೇ ಗಾಳಿಗೆ.

ನನಗೆ ಜಾಸ್ತಿ ಇಷ್ಟವಾದದ್ದು ಕಂಬದ ಮೇಲಿನ ಒಂದು ಸಾಲು. ಮೂಲೆಗಳು ಸರಿಯಾಗಿ ಕೂಡಿಲ್ಲ, ಥೂ ಅಂತ ಉಗಿಯುತ್ತೇನೆ ಅಂತ ಅದನ್ನು ಓದುತ್ತಾರೆ. ಕಟ್ಟಡದ ಕೆಲಸ ಗೊತ್ತಿದ್ದವನೇ ಇರಬೇಕು!

ಗೋಪುರದಡಿ ದೊಡ್ಡ ಚರ್ಚೊಂದರ ಚಿತ್ರವೂ ಇದೆ. ಲಂಡನ್ನಿನ ಹಳೆಯ ಸೇಂಟ್ ಪಾಲ್ಸ್ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಆ ಕಟ್ಟಡದ ಮೊನೆ 1561ರ ಸಿಡಿಲಿಗೆ ಹೋಯಿತು, ಉಳಿದದ್ದು 1666ರ ಬೆಂಕಿಗೆ. ಚಿತ್ರದಲ್ಲಿ ನೆಟ್ಟಗಿನ ಗೆರೆಗಳೇ ಬಹಳ, ಮೇಲಿನಿಂದ ಬೆಳಕು ಬಿಟ್ಟರೆ ಅವು ಕಾಣುವುದಿಲ್ಲ. ಪಕ್ಕದಿಂದ ಶುರುಮಾಡಿ. ಚರ್ಚ್‌ವಾರ್ಡನ್‌ರನ್ನು (ಚರ್ಚಿನ ಉಸ್ತುವಾರಿ ನೋಡುವವರನ್ನು) ಮೊದಲೇ ಕೇಳಿಕೊಳ್ಳಿ, ಹುಂಡಿಗೆ ಐದು ಪೌಂಡಾದರೂ ಹಾಕಿ. ಬೆರಳು ತೆರೆದ ಗ್ಲೌಸ್ ಮರೆಯಬೇಡಿ, ಆ ಚಳಿಗೆ ಶಟರ್ ಒತ್ತುವ ಬೆರಳೇ ಬಗ್ಗುವುದಿಲ್ಲ.