ಒಡವೆ ಅಂಗಡಿಯ ಚರಿತ್ರೆ ಬರೆಯುವುದು ಹೇಗೆ? ತಿಜೋರಿ ಕೀಲಿ ಕೈ ಬದಲಾದಲ್ಲಿಂದ ಶುರು ಮಾಡಿ

ಮೂರು ನಾಲ್ಕು ತಲೆಮಾರು ಕಂಡ ಒಡವೆ ಅಂಗಡಿಯ ಮನೆಯಲ್ಲಿ ಯಾರಾದರೊಬ್ಬರು ಒಂದಲ್ಲ ಒಂದು ದಿನ ‘ಇದನ್ನೆಲ್ಲ ಬರೆದಿಡಬೇಕು ಕಣ್ರಿ’ ಅಂತ ಹೇಳೇ ಹೇಳುತ್ತಾರೆ. ಬರೆಯಲು ಕೂತರೆ ಬರುವುದು ಮಾತ್ರ ಒಂದೇ ಕಥೆ. ಅಜ್ಜ ಬರಿಗೈಲಿ ಬಂದರು, ಕಷ್ಟಪಟ್ಟರು, ಅಂಗಡಿ ಹಾಕಿದರು, ಜನ ನಂಬಿದರು. ಸುಳ್ಳೇನಲ್ಲ. ಆದರೆ ಹೆಸರು ಬದಲಿಸಿದರೆ ಇದು ಯಾವ ಅಂಗಡಿಗೆ ಬೇಕಾದರೂ ಹೊಂದುತ್ತದೆ, ಅಲ್ವಾ? ನಿಮ್ಮ ಅಂಗಡಿಯದೇ ಕಥೆ ಬೇಕಿದ್ದರೆ ಶುರುವಾದ ದಿನವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ತಿಜೋರಿಯ ಕೀಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದದ್ದು ಯಾವಾಗ, ಯಾಕೆ, ಆಗ ಯಾರು ಮುನಿಸಿಕೊಂಡರು ಅನ್ನುವುದನ್ನು ಮೊದಲು ಹುಡುಕಿ.

ಇದಕ್ಕೊಂದು ಕಾರಣ ಇದೆ. ಅಂಗಡಿ ಸುಮ್ನೆ ನಡೆಯುತ್ತಿರುವಾಗ ಯಾರೂ ಏನೂ ಬರೆದಿಡುವುದಿಲ್ಲ. ಕೈ ಬದಲಾಗುವಾಗ ಮಾತ್ರ ಇದ್ದ ಚಿನ್ನವನ್ನೆಲ್ಲ ತೂಗುತ್ತಾರೆ, ಬಾಕಿ ಲೆಕ್ಕ ಹಾಕುತ್ತಾರೆ, ಪಾಲು ಪತ್ರ ಮಾಡುತ್ತಾರೆ, ಬೋರ್ಡ್ ಬದಲಿಸುತ್ತಾರೆ, ಹಳೇ ಕೆಲಸಗಾರರು ಕೆಲವರು ಬಿಟ್ಟು ಹೋಗುತ್ತಾರೆ. ಕಾಗದವೂ ಅಲ್ಲೇ ಜಾಸ್ತಿ, ನೆನಪೂ ಅಲ್ಲೇ ಜಾಸ್ತಿ. ಪ್ಯಾರಿಸ್‌ನ ಹೆಸರಾಂತ ಒಡವೆ ವ್ಯಾಪಾರಿಗಳಾದ ಕಾರ್ಟಿಯೇ ಮನೆತನವನ್ನೇ ನೋಡಿ. 1847ರಲ್ಲಿ ಲೂಯಿ ಫ್ರಾಂಸ್ವಾ ಕಾರ್ಟಿಯೇ ಪ್ಯಾರಿಸ್‌ನಲ್ಲಿ ತನ್ನ ಯಜಮಾನನ ಕಾರ್ಖಾನೆಯನ್ನೇ ವಹಿಸಿಕೊಂಡರು, 1874ರಲ್ಲಿ ಮಗ ಆಲ್ಫ್ರೆಡ್ ಕೈಗೆ ಬಂತು, ಆಮೇಲೆ ಮೂವರು ಮೊಮ್ಮಕ್ಕಳು ಪ್ಯಾರಿಸ್, ಲಂಡನ್, ನ್ಯೂಯಾರ್ಕ್ ಅಂತ ಹಂಚಿಕೊಂಡರು, ಅವರ ನಂತರ ಅಂಗಡಿಗಳು ಒಂದೊಂದಾಗಿ ಹೊರಗಿನವರಿಗೆ ಮಾರಾಟವಾದವು. ಇಷ್ಟು ಗೊತ್ತಾದರೆ ಕಥೆಯ ಬೆನ್ನೆಲುಬು ಸಿಕ್ಕಿತು.

ಹಾಗಾಗಿ ಮೊದಲು ಒಂದು ಉದ್ದನೆಯ ಹಾಳೆ ತಗೊಳ್ಳಿ. ಕೀಲಿ ಕೈ ಬದಲಾದ ಸಂದರ್ಭಗಳನ್ನು ಎಡದಿಂದ ಬಲಕ್ಕೆ ಬರೆಯಿರಿ. ಇಸವಿ ಗೊತ್ತಿಲ್ಲದ ಕಡೆ ಜಾಗ ಬಿಡಿ. ಅಂದಾಜಿನ ಇಸವಿ ಹಾಕಬೇಡಿ, ಒಮ್ಮೆ ಬರೆದ ಅಂದಾಜು ನಾಳೆ ಸತ್ಯವಾಗಿ ಕೂತುಬಿಡುತ್ತದೆ. ಮುಂದೆ ಸಿಗುವ ಪ್ರತಿ ಚೀಟಿ, ಪ್ರತಿ ಮಾತು ಈ ಹಾಳೆಯ ಮೇಲೆ ಎಲ್ಲೋ ಒಂದು ಕಡೆ ಹೋಗಿ ಕೂರಬೇಕು.

ಈಗ ಲೆಕ್ಕದ ಪುಸ್ತಕಗಳು. ಮೊತ್ತಗಳನ್ನು ಬಿಡಿ, ಅಕ್ಷರ ನೋಡಿ. ಹಳೇ ಖಾತೆ ಪುಸ್ತಕದಲ್ಲಿ ಒಬ್ಬರದೇ ದುಂಡನೆಯ ಬರಹ ವರ್ಷಗಟ್ಟಲೆ ಸಾಗುತ್ತದೆ. ಒಂದು ಪುಟದಲ್ಲಿ ಗೆರೆ ಸ್ವಲ್ಪ ನಡುಗುತ್ತದೆ. ಕೆಲವು ಪುಟ ಆದಮೇಲೆ ತೂಕದ ಕಾಲಂನಲ್ಲಿ ಮಾತ್ರ ಬೇರೆ ಶಾಯಿ, ಬೇರೆ ಕೈ. ಕೊನೆಗೆ ಇಡೀ ಪುಟವೇ ಹೊಸಬರದು. ‘ಅಪ್ಪ ತೀರಿಕೊಂಡ ಮೇಲೆ ನಾನು ಕೂತೆ’ ಅಂತ ಎಲ್ಲರೂ ಹೇಳುತ್ತಿರಬಹುದು, ಆದರೆ ಪುಸ್ತಕದ ಪ್ರಕಾರ ತಕ್ಕಡಿ ಅದಕ್ಕೂ ಎರಡು ವರ್ಷ ಮೊದಲೇ ಮಗನ ಕೈಗೆ ಬಂದಿರುತ್ತದೆ. ಇಂಥ ಪುಟ ಸಿಕ್ಕರೆ ಫೋಟೋ ತೆಗೆದು, ಪುಸ್ತಕದ ಹೆಸರು ಮತ್ತು ಪುಟ ಸಂಖ್ಯೆ ಜೊತೆಗೇ ಬರೆದುಕೊಳ್ಳಿ.

ರಿಪೇರಿ ಪುಸ್ತಕವನ್ನು ಜನ ಎಸೆದುಬಿಡುತ್ತಾರೆ. ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಕೊಂಡಿ ಸಡಿಲ, ಕಲ್ಲು ಬಿದ್ದಿದೆ, ಉಂಗುರ ಒಂದು ಸುತ್ತು ದೊಡ್ಡದು ಮಾಡಬೇಕು ಅನ್ನುವ ಸಾಲುಗಳಲ್ಲಿ ಗಿರಾಕಿಗಳ ಮನೆತನಗಳೂ ನಿಮ್ಮ ಜೊತೆಗೇ ಬೆಳೆದದ್ದು ಕಾಣುತ್ತದೆ. ಇನ್ನೊಂದು ಮಾತು: ಇತ್ತೀಚಿನ ಬಿಲ್ಲುಗಳು ಥರ್ಮಲ್ ಕಾಗದದವು, ಬಿಸಿಲು ಶಾಖಕ್ಕೆ ಅಕ್ಷರ ಮಾಸಿಹೋಗುತ್ತದೆ. ನೂರು ವರ್ಷದ ಶಾಯಿ ಕಾಯುತ್ತದೆ, ಇವು ಕಾಯುವುದಿಲ್ಲ. ಸ್ಕ್ಯಾನ್ ಇವುಗಳಿಂದಲೇ ಶುರು ಮಾಡಿ. ಹರಿದ ಹಾಳೆಗೆ ಸೆಲ್ಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.

ಕಾಗದ ಇಲ್ಲದ ಕಡೆ ಸಾಮಾನು ಮಾತಾಡುತ್ತದೆ. ಒಡವೆಯ ಹಿಂಬದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಅಲ್ಲಿರುವ ಅಂಕಿ ಸಾವಿರಕ್ಕೆ ಎಷ್ಟು ಪಾಲು ಅಪ್ಪಟ ಲೋಹ ಅನ್ನುವುದನ್ನು ಹೇಳುತ್ತದೆ. ಚಿನ್ನದ ಮೇಲೆ 916 ಅಂದರೆ 22 ಕ್ಯಾರೆಟ್, 750 ಅಂದರೆ 18, 585 ಅಂದರೆ 14. ಬೆಳ್ಳಿಯ ಮೇಲೆ 925. ಲಂಡನ್‌ನಲ್ಲಿ ಮುದ್ರೆ ಬಿದ್ದ ಒಡವೆಯಾದರೆ ಇನ್ನೂ ಸುಲಭ, ಅಲ್ಲಿ 1478ರಿಂದ ವರ್ಷಕ್ಕೊಂದು ಅಕ್ಷರ ಒತ್ತುವ ಪದ್ಧತಿ ಇದೆ. ಅಕ್ಷರದ ಆಕಾರ, ಅದರ ಸುತ್ತಿನ ಚೌಕಟ್ಟು ಎರಡನ್ನೂ ಪಟ್ಟಿಗೆ ಹೋಲಿಸಿದರೆ ಇಸವಿ ಸಿಗುತ್ತದೆ. ಮುದ್ರೆಯೇ ಇಲ್ಲದಿದ್ದರೆ ಒರೆಗಲ್ಲು ಇದ್ದೇ ಇದೆ. ಒಡವೆಯ ಕಾಣದ ಬದಿಯನ್ನು ಕಲ್ಲಿನ ಮೇಲೆ ಎಳೆದು, ಪಕ್ಕದಲ್ಲಿ ಮಚ್ಚ (ಅಂದರೆ ಚಿನ್ನದ ಶುದ್ಧತೆ) ಗೊತ್ತಿರುವ ಕಡ್ಡಿಯಿಂದ ಇನ್ನೊಂದು ಗೆರೆ ಎಳೆದು, ಎರಡರ ಮೇಲೂ ಆಮ್ಲ ಬಿಟ್ಟರೆ ಕಡಿಮೆ ಮಚ್ಚದ ಗೆರೆ ಮೊದಲು ಮಾಸುತ್ತದೆ. ಕೈ ಪಳಗಿದವರಿಂದಲೇ ಮಾಡಿಸಿ. ಹಳೇದನ್ನು ಪಾಲಿಶ್ ಮಾಡಿ ಮುದ್ರೆ ಸವೆಸಿಬಿಡಬೇಡಿ.

ಕಲ್ಲಿನ ವಿಷಯದಲ್ಲಿ ಹಿತ್ತಾಳೆ ಕಿವಿ ಬೇಡ. ‘ಮುತ್ತಜ್ಜಿಯ ಕಾಲದ ಮಾಣಿಕ್ಯ, ಅಪ್ಪಟ ಗಣಿಯದು’ ಅಂತ ಹೇಳಿದರೂ ಒಮ್ಮೆ ಪರೀಕ್ಷೆ ಮಾಡಿಸಿ. ಬೆಂಕಿಯಲ್ಲಿ ಪುಡಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನವನ್ನು ಫ್ರಾನ್ಸಿನ ರಸಾಯನ ವಿಜ್ಞಾನಿ ವರ್ನ್ಯೂಯ್ 1902ರಲ್ಲೇ ಜಗತ್ತಿಗೆ ತಿಳಿಸಿದ್ದರು, ಆಮೇಲೆ ಅಂಥ ಕಲ್ಲು ರಾಶಿ ರಾಶಿ ಬಂದವು. ಜಪಾನಿನ ಮಿಕಿಮೊಟೊ 1893ರಲ್ಲಿ ಅರ್ಧಗೋಳದ ಮುತ್ತು ಕೃಷಿ ಮಾಡಿ ತೋರಿಸಿದ ಮೇಲೆ ಮುತ್ತಿನ ಕಥೆಯೂ ಬದಲಾಯಿತು. ಹಳೇ ಪುಸ್ತಕದಲ್ಲಿ ಕಲ್ಲುಗಳಿಗೆ ಬರೆದ ಕ್ಯಾರೆಟ್ ತೂಕವನ್ನೂ ಹಾಗೇ ನಂಬಬೇಡಿ (ಇದು ಚಿನ್ನದ ಶುದ್ಧತೆಯ ಕ್ಯಾರೆಟ್ ಅಲ್ಲ). 200 ಮಿಲಿಗ್ರಾಂ ಅಂತ ಒಂದೇ ಅಳತೆ ಒಪ್ಪಿದ್ದು 1907ರಲ್ಲಿ, ಅದು ಬಳಕೆಗೆ ಬರಲು ಇನ್ನೂ ಸಮಯ ಹಿಡಿಯಿತು. ಅದಕ್ಕೂ ಮುಂಚೆ ಊರಿಗೊಂದು ಕ್ಯಾರೆಟ್.

ಒಡವೆಯ ಡಬ್ಬಿಗಳನ್ನೂ ಹುಡುಕಿ. ಮುಚ್ಚಳದ ಒಳಗೆ ಅಂಗಡಿಯ ಹೆಸರು, ವಿಳಾಸ, ಫೋನ್ ನಂಬರು ಅಚ್ಚಾಗಿರುತ್ತದೆ. ನಂಬರಿನಲ್ಲಿ ಎಷ್ಟು ಅಂಕಿ ಇದೆ ಅನ್ನುವುದರಿಂದಲೇ ಕಾಲ ತಿಳಿಯುತ್ತದೆ. ನಿಮ್ಮಲ್ಲಿ ಡಬ್ಬಿ ಉಳಿದಿರುವುದಿಲ್ಲ, ಹಳೇ ಗಿರಾಕಿಗಳ ಬೀರುವಿನಲ್ಲಿ ಇರುತ್ತದೆ. ಕೇಳಿ ನೋಡಿ.

ಮಾತಾಡಿಸುವುದು ಇದಾದ ಮೇಲೆ. ‘ಆ ಕಾಲ ಹೇಗಿತ್ತು?’ ಅಂತ ಕೇಳಿದರೆ ‘ಚೆನ್ನಾಗಿತ್ತಪ್ಪ’ ಅಂತ ಉತ್ತರ ಬರುತ್ತದೆ, ಅಲ್ಲಿಗೆ ಮುಗೀತು. ಬೆಳಿಗ್ಗೆ ತಿಜೋರಿ ತೆಗೆಯುತ್ತಿದ್ದವರು ಯಾರು? ಕೀಲಿಯ ನಕಲು ಯಾರ ಹತ್ತಿರ ಇತ್ತು? ಸಾಲ ಕೊಡಲ್ಲ ಅಂತ ಹೇಳುವ ಧೈರ್ಯ ಯಾರಿಗಿತ್ತು? ಇಂಥವನ್ನು ಕೇಳಿ. ಕೈಗೆ ತಂತಿ ಎಳೆಯುವ ಹಳೇ ಕಂಬಚ್ಚೋ ಚಿಮಟವೋ ಕೊಟ್ಟು ಕೇಳಿದರೆ ಇನ್ನೂ ಒಳ್ಳೇದು, ತಂತಿ ಎಳೆಯುತ್ತಿದ್ದವರ ಹೆಸರು ತಾನಾಗಿ ಬಾಯಿಗೆ ಬರುತ್ತದೆ. ಮಾಲೀಕರಿಗಿಂತ ಮೊದಲು ಕೆಲಸಗಾರರನ್ನು ಮಾತಾಡಿಸಿ. ಗುಡಿಸಿದ ಕಸವನ್ನೂ ಕೂಡಿಟ್ಟು, ಸುಟ್ಟು, ಅದರೊಳಗಿನ ಚಿನ್ನ ತೆಗೆಯುವ ಕಸುಬು ಇದು. ಆ ಧೂಳಿನ ಲೆಕ್ಕ ಇಟ್ಟವರಿಗೆ ಅಂಗಡಿಯ ಒಳಗುಟ್ಟು ಗೊತ್ತಿರುತ್ತದೆ.

ಬೋರ್ಡ್ ಮೇಲೆ ಹೆಸರಿಲ್ಲದವರು ಯಾರು ಅನ್ನುವುದಕ್ಕೆ ಒಂದು ಅಧ್ಯಾಯವನ್ನೇ ಇಡಿ. ರಷ್ಯಾದ ಒಡವೆ ತಯಾರಕ ಫಾಬೆರ್ಜೆ ಹೆಸರು ಎಲ್ಲರಿಗೂ ಗೊತ್ತು. ಆದರೆ ಅವರ ಅಂಗಡಿಯ ಹೆಸರಾಂತ ರತ್ನದ ಮೊಟ್ಟೆಗಳಲ್ಲೊಂದಾದ 1913ರ ‘ಚಳಿಗಾಲದ ಮೊಟ್ಟೆ’ಯನ್ನು ವಿನ್ಯಾಸ ಮಾಡಿದ್ದು ಆಲ್ಮಾ ಪೀಲ್ ಎಂಬ ತರುಣಿ, ಅಲ್ಲಿನ ಕೆಲಸಗಾರ ಮನೆತನದ ಹುಡುಗಿ. ನಿಮ್ಮ ಅಂಗಡಿಯಲ್ಲೂ ಮುತ್ತು ಪೋಣಿಸಿದ ಅತ್ತೆ, ಲೆಕ್ಕ ಬರೆದ ಸೊಸೆ, ವಿನ್ಯಾಸ ಗೀಚಿದ ಮಗಳು ಇದ್ದೇ ಇರುತ್ತಾರೆ. ‘ಅವಳು ಸುಮ್ನೆ ಕೈಜೋಡಿಸುತ್ತಿದ್ದಳು’ ಅನ್ನುವ ಮಾತು ಕಿವಿಗೆ ಬಿದ್ದ ಕೂಡಲೇ ಅಲ್ಲೇ ನಿಂತು ಇನ್ನೂ ನಾಲ್ಕು ಪ್ರಶ್ನೆ ಕೇಳಿ.

ಹೊರಗಿನ ಜಗತ್ತನ್ನು ಬೇಕಾದಷ್ಟೇ ತನ್ನಿ. 1971ರ ಆಗಸ್ಟ್ 15ರಂದು ಅಮೆರಿಕ ಡಾಲರ್‌ಗೆ ಬದಲಾಗಿ ಚಿನ್ನ ಕೊಡುವುದನ್ನು ನಿಲ್ಲಿಸಿ, ಡಾಲರ್‌ಗೂ ಚಿನ್ನಕ್ಕೂ ಇದ್ದ ಗಂಟು ಬಿಚ್ಚಿತು, 1980ರ ಜನವರಿಯಲ್ಲಿ ಚಿನ್ನದ ದರ ಆಕಾಶಕ್ಕೇರಿತು. ಆ ತಿಂಗಳುಗಳಲ್ಲಿ ನಿಮ್ಮ ಪುಸ್ತಕದಲ್ಲಿ ಮಾರಾಟ ಜಾಸ್ತಿಯೋ, ಹಳೇ ಚಿನ್ನ ತಂದು ಮಾರಿದವರು ಜಾಸ್ತಿಯೋ ನೋಡಿ. ಪುಸ್ತಕದಲ್ಲಿ ಏನೂ ಕಾಣದಿದ್ದರೆ ಆ ಇಸವಿಗಳನ್ನು ಬಿಟ್ಟುಬಿಡಿ, ಪಾಠ ಮಾಡಲು ಹೋಗಬೇಡಿ.

ಬರೆಯಬಾರದ್ದೂ ಇದೆ. ಗಿರಾಕಿಗಳ ಹೆಸರು, ಯಾರು ಏನು ಗಿರವಿ ಇಟ್ಟಿದ್ದರು ಅನ್ನುವುದು, ಈಗಿನ ತಿಜೋರಿ, ಬೀಗದ ವಿವರ, ಇವು ಮನೆಯವರಿಗೆ ಕೊಡುವ ಪ್ರತಿಯಲ್ಲೂ ಬೇಡ.

ಪಾಲಾಗಿ ಹೋದ ಕವಲಿನ ಕಥೆ ಎಲ್ಲಕ್ಕಿಂತ ಕಷ್ಟ. ಅಂಗಡಿಯ ಹೆಸರು ಯಾರಿಗೆ ಉಳಿಯಬೇಕಿತ್ತು ಅನ್ನುವುದರಲ್ಲಿ ಎರಡು ಮನೆಗೆ ಎರಡು ಸತ್ಯ ಇರುತ್ತದೆ. ಎರಡನ್ನೂ ಹೇಳಿದವರ ಹೆಸರಿನ ಸಮೇತ ಪಕ್ಕಪಕ್ಕ ಬರೆಯಿರಿ, ತೀರ್ಪು ಕೊಡಬೇಡಿ. ಮೊದಲ ಕರಡನ್ನು ಆ ಮನೆಯವರಿಗೇ ಓದಲು ಕೊಡಿ, ಒಂದು ತಿಂಗಳಾದರೂ ಸಮಯ ಕೊಡಿ. ತಿದ್ದುಪಡಿಗಳನ್ನು ಬಾಯಿಮಾತಿನಲ್ಲಿ ತಗೊಳ್ಳಬೇಡಿ, ಅಂಚಿನಲ್ಲಿ ಅವರ ಕೈಯಲ್ಲೇ ಬರೆಸಿ, ತಾರೀಖು ಹಾಕಿಸಿ. ಆ ಕರಡನ್ನು ಹಾಗೇ ಎತ್ತಿಡಿ, ಮುಂದಿನವರು ಬರೆಯುವಾಗ ಅದೇ ದಾಖಲೆ.